ಬಾಲರಾಜುವಿನ ಬಾಯಿ ಮುಚ್ಚಿಸಿದ ವಾಲ್ವ್

ನನ್ನ ಕಾರಿನಿಂದ ಆಗತಾನೆ ಬಿಚ್ಚಿದ ಇಜಿಆರ್ ವಾಲ್ವನ್ನು ಬಾಲರಾಜು ಪೀಪಿಯ ಹಾಗೆ ಬಾಯಿಗಿಟ್ಟುಕೊಂಡು, ಕೆನ್ನೆ ಉಬ್ಬಿಸಿ ಜೋರಾಗಿ ಊದಿದ. ಮಸಿ ಆ ಕಡೆಯಿಂದ ಹಾರಿ ಹೊರಗೆ ಬರುತ್ತದೆ ಅಂದುಕೊಂಡಿದ್ದ. ಬರಲಿಲ್ಲ. ಒಳಗೆ ವರ್ಷಗಟ್ಟಲೆ ಕೂತಿದ್ದ ಮಸಿ ಬೇರೆ ದಾರಿ ಕಾಣದೆ ಊದಿದವನ ಮುಖಕ್ಕೇ ವಾಪಸು ಬಂತು. ಮೂಗು, ಬಾಯಿ, ಗಲ್ಲ ಎಲ್ಲ ಕರ್ರಗಾಗಿ, ಬೆಳ್ಳಗೆ ಉಳಿದದ್ದು ಕಣ್ಣೆರಡೇ. ಸರಿಯಾಗಿ ಅದೇ ಹೊತ್ತಿಗೆ ಕೂಟಗಲ್ಲಿನಿಂದ ಅವನ ಹೆಂಡತಿಯ ಅಣ್ಣ ನರಸಯ್ಯ ಬೈಕಿನಲ್ಲಿ ಬಂದಿಳಿದ. ತಂಗಿಯ ರೇಷ್ಮೆಹುಳ ಹಣ್ಣಾಗುತ್ತಿವೆ, ಕೈ ಜೋಡಿಸೋಣ ಅಂತ ಬಂದವನು. ಮೈಮೇಲೆ ಹೊಸಾ ಬಿಳೀ ಪಂಚೆ. ಬಾಲರಾಜು ಮರ್ಯಾದೆಗೆಂದು ಕೈಮುಗಿದು ಹಲ್ಲುಕಿರಿದ.

“ಏನ್ ಬಾವ,” ಎಂದ ನರಸಯ್ಯ, ಪಂಚೆ ಎತ್ತಿಕೊಂಡು ಹಿಂದಕ್ಕೆ ಸರಿಯುತ್ತ, “ಕಣ್ಗೆ ಹಚ್ಚೋ ಕಾಡಿಗೆಯ ಬಾಯ್ಗೆ ಹಚ್ಕಂಡಿದ್ದೀಯಲ್ಲ! ಯಾವೂರ ಫ್ಯಾಷನ್ನು?”

ಬಾಲರಾಜು ಉತ್ತರಕ್ಕೆಂದು ಬಾಯಿ ತೆರೆದ. ಬಂದದ್ದು ಕೆಮ್ಮು. ಕೆಮ್ಮಿನ ಜೊತೆ ಒಂದಿಷ್ಟು ಮಸಿ ಹೊಸಾ ಪಂಚೆಯ ಪಾಲಿಗೂ ಬಂತು.

ಈ ಇಜಿಆರ್ ಎಂಬುದು ಏನೆಂದರೆ, ಎಂಜಿನ್ ಉಗುಳಿದ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಎಂಜಿನ್ನಿನೊಳಕ್ಕೇ ಕಳಿಸುವ ಪುಟ್ಟ ಬಾಗಿಲು. ಎಂಜಿನ್ನಿಗೆ ಅದರ ಎಂಜಲನ್ನೇ ತಿನ್ನಿಸುವ ಏರ್ಪಾಡು ಅನ್ನಿ. ಹಾಗೆ ತಿನ್ನಿಸಿದರೆ ಒಳಗಿನ ಕಾವು ತಗ್ಗಿ, ಹೊರಗೆ ಹೋಗುವ ವಿಷ ಕಡಿಮೆಯಾಗುತ್ತದಂತೆ. ಬಾಗಿಲು ಬೇಕಾದಾಗ ತೆರೆಯಬೇಕು, ಬೇಡವಾದಾಗ ಮುಚ್ಚಬೇಕು. ನನ್ನ ಹಳೇ ಡೀಸೆಲ್ ಕಾರಿನಲ್ಲಿ ಅದು ಮಸಿ ಹೆಪ್ಪುಗಟ್ಟಿ, ಸರಿಯಾಗಿ ತೆರೆಯಲೂ ಒಲ್ಲದೆ ಮುಚ್ಚಲೂ ಒಲ್ಲದೆ ನಿಂತುಬಿಟ್ಟಿತ್ತು. ರಾಮನಗರದಲ್ಲಿ ನಾನು ಒಂದು ಏರು ಹತ್ತಿದರೆ ಹಿಂದಿನ ಬೈಕಿನವರೆಲ್ಲ ಮಾಯವಾಗುತ್ತಿದ್ದರು. ಅಷ್ಟು ಹೊಗೆ ಕುಡಿಸಿದವಳನ್ನು ಹೊಗಳುವ ದೊಡ್ಡ ಮನಸ್ಸು ಯಾರಿಗಿರುತ್ತದೆ? ಬಾಲರಾಜು ಅದನ್ನು ‘ಈಜಿಯಾರು’ ಎನ್ನುತ್ತಾನೆ. ಈಜಿ ಅನ್ನುವುದು ಹೆಸರಿನಲ್ಲಿ ಮಾತ್ರ.

ಬಾಲರಾಜು ಕೈಲಾಂಚದವನು, ನಲವತ್ತು ದಾಟಿದ ಆಳು. ನಿಂತಲ್ಲಿ ನಿಲ್ಲುವುದು ಅವನಿಗೆ ಬರೆದಿಲ್ಲ. ನಿಮ್ಮ ಹತ್ತಿರ ಮಾತಾಡುತ್ತಲೇ ನಿಮ್ಮ ಬೈಕಿನ ಕನ್ನಡಿ ತಿರುಗಿಸುತ್ತಾನೆ. ಟೀ ಕುಡಿಯುವಾಗ ಲೋಟದ ತಳ ಹೇಗಿದೆ ಅಂತ ನೋಡುತ್ತಾನೆ, ಟೀ ಇನ್ನೂ ಒಳಗಿರುವಾಗಲೇ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಎಲೆ ಬರುವ ಮೊದಲು ಮೇಜಿನ ಕಾಲಿನ ನಟ್ಟು ಬಿಗಿ ಮಾಡಿರುತ್ತಾನೆ. ನಾನು ಓದಿದ ಕಾನ್ವೆಂಟಿನಲ್ಲಿ ತುಟಿಯ ಮೇಲೆ ಬೆರಳಿಟ್ಟು ಅಲ್ಲಾಡದೆ ಕೂರುವುದೇ ಒಂದು ಸಬ್ಜೆಕ್ಟು. ಬಾಲರಾಜುವನ್ನು ನಮ್ಮ ಸಿಸ್ಟರ್ ಕೈಗೆ ಕೊಟ್ಟಿದ್ದರೆ ಸಿಸ್ಟರೇ ಊರು ಬಿಡುತ್ತಿದ್ದರು.

ಕೆಲಸಗಳೂ ಹಾಗೆಯೇ. ಹುಡುಗನಾಗಿದ್ದಾಗ ರಾಮನಗರದಲ್ಲಿ ತನ್ವೀರ್ ಎಂಬುವರ ರೇಷ್ಮೆ ಗೂಡಿನ ನೂಲು ಬಿಚ್ಚುವ ಕಾರ್ಖಾನೆಗೆ ಸೇರಿದ. ಬಿಸಿನೀರಿನ ಮುಂದೆ ದಿನವಿಡೀ ಕೂತು ಎಳೆ ಹುಡುಕುವ ಕೆಲಸ. ಎಳೆ ಸಿಕ್ಕುವ ಮೊದಲೇ ಇವನು ಎದ್ದುಹೋಗಿರುತ್ತಿದ್ದ. ಚನ್ನಪಟ್ಟಣಕ್ಕೆ ಹೋಗಿ ಬೊಂಬೆಗೆ ಬಣ್ಣ ಹಾಕಲು ನಿಂತ. ಬಣ್ಣ ಒಣಗುವ ತನಕ ಬುಗುರಿಯನ್ನು ತಿರುಗಿಸದೆ ಇರಬೇಕು ಎಂದದ್ದಕ್ಕೆ ಅದನ್ನೂ ಬಿಟ್ಟ. ಮಾಗಡಿ ಬಸ್ಸಿನಲ್ಲಿ ಕ್ಲೀನರ್ ಆದ, ಕನಕಪುರದಲ್ಲಿ ಟ್ರಾಕ್ಟರ್ ರಿಪೇರಿ ಕಲಿತ. ಹೈವೇ ಪಕ್ಕ ಸ್ವಂತ ಶೆಡ್ ಹಾಕಿ ಬೋರ್ಡು ಬರೆಸಿದ. ಬೋರ್ಡಿನ ಬಣ್ಣ ಮಾಸುವ ಮೊದಲೇ ಶೆಡ್ ಖಾಲಿ ಮಾಡಿಕೊಂಡು ಬಂದ. ಯಾಕಪ್ಪ ಅಂತ ಯಾರಾದರೂ ಕೇಳಿದರೆ ಅವರ ಗಾಡಿಯ ಚೈನು ಸಡಿಲವಾಗಿದೆ ಅಂತ ತೋರಿಸಿ ಮಾತು ಬದಲಿಸುತ್ತಿದ್ದ.

ಕೊನೆಗೆ ನೆಲೆ ನಿಂತದ್ದು ಸ್ವಂತ ಮನೆಯ ಅಂಗಳದಲ್ಲಿ. ಮೇಲೆ ಊರಿನ ಟಾರು ರಸ್ತೆ, ಕೆಳಗೆ ಹಿಪ್ಪುನೇರಳೆ ತೋಟಕ್ಕೆ ಹೋಗುವ ಓಣಿ, ಎರಡರ ನಡುವೆ ಓರೆಯಾಗಿ ಒರಗಿದ ಅಂಗಳ, ಅದರಲ್ಲೊಂದು ಹೊಂಗೆ ಮರ. ಮರದ ನೆರಳೇ ಗ್ಯಾರೇಜು. ಇಡೀ ಬದುಕಿನಲ್ಲಿ ಅವನು ಎದ್ದುಹೋಗದೆ ಉಳಿದ ಜಾಗ ಅದೊಂದೇ. ಈಗ ಅದೇ ಹೋಗುವ ಹಾಗಿತ್ತು.

ಯಾಕೆಂದರೆ ಮನೆಯ ಪಕ್ಕದಲ್ಲೇ ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮನ ಹುಳದ ಮನೆ. ಆಕೆ ಹುಳ ಸಾಕುವುದು ತಟ್ಟೆಯಲ್ಲಿ, ಗಂಡ ಸಾಕುವುದು ತಲೆಯಲ್ಲಿ. ರೇಷ್ಮೆಹುಳವೆಂದರೆ ಮೂಗಿನ ತುದಿಯಲ್ಲೇ ಕೋಪವಿರುವ ನೆಂಟ. ಬೀಡಿ ಆಗದು, ಊದುಬತ್ತಿ ಆಗದು, ಸೊಳ್ಳೆ ಬತ್ತಿಯಂತೂ ಆಗಲೇ ಆಗದು. ಒಳಗೆ ಹೋಗಬೇಕಾದರೆ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಬೇಕು. ಹುಳ ಹಣ್ಣಾಗುವ ವಾರ ಆ ಮನೆಯಲ್ಲಿ ಒಗ್ಗರಣೆಗೂ ರಜೆ. ಹಣ್ಣಾಗುವುದೆಂದರೆ ಮೇವು ಸಾಕೆಂದು ಮೈ ಹೊಳೆಯುತ್ತ ಗೂಡು ಕಟ್ಟಲು ಜಾಗ ಹುಡುಕುವುದು. ಅಷ್ಟು ಹೊತ್ತಿಗೆ ಸೊಪ್ಪು ಹೊತ್ತ ಮನೆಮಂದಿಯೂ ಹಣ್ಣಾಗಿರುತ್ತಾರೆ. ಹಿಂದಿನ ಬೆಳೆಯಲ್ಲಿ ಹುಳ ಇನ್ನೇನು ಹಣ್ಣಾಗಬೇಕು ಅನ್ನುವಾಗ ಮೆತ್ತಗಾಗಿ ಸತ್ತುಹೋದವು. ರೋಗವೋ, ಸೊಪ್ಪಿನ ದೋಷವೋ ಯಾರಿಗೂ ಗೊತ್ತಾಗಲಿಲ್ಲ. ಚಿಕ್ಕಲಕ್ಷ್ಮಮ್ಮನಿಗೆ ಗೊತ್ತಾಯಿತು. ಅದೇ ದಿನಗಳಲ್ಲಿ ಬಾಲರಾಜು ಅಂಗಳದಲ್ಲಿ ಒಂದು ಗೂಡ್ಸ್ ಆಟೋವನ್ನು ಬುಸುಬುಸು ಹೊಗೆ ಬಿಡಿಸಿದ್ದ.

“ಈ ಸಲ ಹುಳ ಗೂಡು ಕಟ್ಟೋಗಂಟ ಒಂದ್ ಎಳೆ ಹೊಗೆ ಕಂಡ್ರೂ,” ಎಂದು ಆಕೆ ಊರಿಗೆಲ್ಲ ಕೇಳುವಂತೆ ಹೇಳಿದ್ದಳಂತೆ, “ನಿನ್ ಪಾನಾ, ನಿನ್ ಜಾಕು, ಎಲ್ಲ ಎತ್ಕಂಡು ಹೈವೇಗೆ ನಡಿ. ಮನೆ ಬುಡು ಅನ್ನಲ್ಲ. ಊಟಕ್ಕೆ ಬಾ. ಗ್ಯಾರೇಜ್ ಮಾತ್ರ ಇಲ್ಲಿರಂಗಿಲ್ಲ.”

ಇಂಥ ವಾರದಲ್ಲಿ ನನ್ನ ಕಾರು ಅಲ್ಲಿಗೆ ಹೋದದ್ದು. ಯಾವಾಗ ತರಲಿ ಅಂತ ಬರೀ ಕೇಳಿಕೊಂಡು ಬರಲು ಹೋಗಿದ್ದೆ. ಮೇಲಿನ ರಸ್ತೆಯಲ್ಲಿ ಸದ್ದು ಕೇಳಿದ್ದೇ ಬಾಲರಾಜು ಓಡಿಬಂದ, ಎರಡೂ ಕೈ ಅಡ್ಡ ಹಿಡಿದು.

“ಆಫ್ ಮಾಡಿ, ಆಫ್ ಮಾಡಿ ಮೇಡಂ! ಅಲ್ಲೇ ನಿಲ್ಸಿ. ಹುಳ ಹಣ್ಣಾಯ್ತಾವೆ.”

“ಹಾಗಾದ್ರೆ ಮುಂದಿನ ವಾರ ಬರ್ತೀನಿ ಬಾಲರಾಜು.”

“ಹೂಂ, ಮುಂದಿನ ವಾರ,” ಅನ್ನುತ್ತಲೇ ಅವನ ಕೈ ಬಾನೆಟ್ಟಿನ ಕೆಳಗೆ ಹೋಗಿತ್ತು. ಬೇಡ ಅಂದದ್ದು ಬಾಯಿ, ಕೈಗೆ ಕಿವಿಯಿಲ್ಲ. ಬಾನೆಟ್ ತೆರೆದು ನೋಡಿದ, ಮುಚ್ಚಿದ, ಮತ್ತೆ ತೆರೆದ. “ಇಂಜಿನ್ ಆನ್ ಮಾಡದು ಬ್ಯಾಡ. ಬ್ರೇಕ್ ಬುಟ್ಟು ಸುಮ್ಕೆ ಕೂತ್ಕಳಿ,” ಎಂದ. ಕಾರು ಸದ್ದಿಲ್ಲದೆ ಜಾರಿ ಹೊಂಗೆ ಮರದ ಕೆಳಗೆ ನಿಂತಿತು, ಕಳ್ಳ ಅಳಿಯ ಹಿತ್ತಲಿಂದ ಬಂದ ಹಾಗೆ.

ಚಿಕ್ಕಲಕ್ಷ್ಮಮ್ಮ ಸೊಂಟಕ್ಕೆ ಸೆರಗು ಬಿಗಿದುಕೊಂಡು ಹೊರಗೆ ಬಂದಳು. ನನ್ನನ್ನು ನೋಡಿ, “ಬಾ ಅಕ್ಕ, ಕೂತ್ಕ,” ಎಂದಳು. ಕಾರನ್ನು ನೋಡಿ ಏನೂ ಅನ್ನಲಿಲ್ಲ. ಗಂಡನನ್ನು ನೋಡಿ, “ಪೆಟ್ರೋಲ್ ವಾಸ್ನೆ ಬಂದ್ರೂ ಹೊಗೆ ಬಂದಂಗೇ ಲೆಕ್ಕ,” ಎಂದು ಒಳಗೆ ಹೋದಳು.

ಹೀಗಾಗಿ ಮಸಿ ಮುಖದ ಆ ಪ್ರಸಂಗವಾದ ಮೇಲೆ ವಾಲ್ವನ್ನು ತೊಳೆಯಲು ಪೆಟ್ರೋಲೂ ಇಲ್ಲ, ಸ್ಪ್ರೇಯೂ ಇಲ್ಲ. ಕಾದ ನೀರು, ಬಟ್ಟೆ ತೊಳೆಯುವ ಪುಡಿ, ಒಂದು ಹಳೇ ಟೂತ್‌ಬ್ರಷ್, ಬಿದಿರ ಸೀಳು. ಕೂಸಿಗೆ ಎಣ್ಣೆನೀರು ಹಾಕುವಂತೆ ಬಾಲರಾಜು ವಾಲ್ವನ್ನು ಕಾಲಮೇಲೆ ಮಲಗಿಸಿಕೊಂಡು ಉಜ್ಜಿದ. ಮಸಿ ಪದರಪದರವಾಗಿ ಎದ್ದುಬಂತು. ಉಜ್ಜಿದ, ಮೂಸಿದ, ಮತ್ತೆ ಉಜ್ಜಿದ. ಯಾವ ವಾಸನೆಯೂ ಇಲ್ಲವೆಂದು ನರಸಯ್ಯನಿಗೂ ಮೂಸಿಸಿದ.

ಆಮೇಲೆ ಪರೀಕ್ಷೆ. ವಾಲ್ವಿನ ತಲೆಯ ಮೇಲೆ ಒಂದು ಸಣ್ಣ ಮೂತಿಯಿದೆ. ಕಾರಿನಲ್ಲಾದರೆ ಅದಕ್ಕೆ ಎಂಜಿನ್ ಕಡೆಯಿಂದ ಗಾಳಿಯೆಳೆಯುವ ಪೈಪು ಇರುತ್ತದೆ. ಗಾಳಿ ಎಳೆದಾಗ ಒಳಗಿನ ಮುಳ್ಳು ಮೇಲೆದ್ದು ಬಾಗಿಲು ತೆರೆಯುತ್ತದೆ. ಬಾಲರಾಜುವಿನಲ್ಲಿ ಅದಕ್ಕೆ ಪಂಪಿಲ್ಲ, ಬಾಯಿದೆ. ಮೂತಿಗೆ ರಬ್ಬರ್ ಟ್ಯೂಬು ಸಿಕ್ಕಿಸಿ, ಗಾಳಿ ಜಗ್ಗಿ, ಟ್ಯೂಬಿನ ತುದಿಗೆ ನಾಲಗೆ ಒತ್ತಿ ಹಿಡಿದ. ಮುಳ್ಳು ಎದ್ದಿತು. ಎದ್ದದ್ದು ಎದ್ದೇ ಇರಬೇಕು, ಇಳಿದರೆ ಗಾಳಿ ಹಿಡಿದಿಡುವ ಒಳಗಿನ ರಬ್ಬರ್ ಪೊರೆ ಹರಿದಿದೆ ಅಂತ ಅರ್ಥ. ನಾಲಗೆ ತೆಗೆಯುವಂತಿಲ್ಲ, ಮಾತಾಡುವಂತಿಲ್ಲ, ಅಲ್ಲಾಡುವಂತಿಲ್ಲ. ಕಣ್ಣು ಮಾತ್ರ ಅಂಗಳವೆಲ್ಲ ಸುತ್ತುತ್ತಿತ್ತು.

“ನೋಡಣ್ಣಯ್ಯ,” ಎಂದಳು ಚಿಕ್ಕಲಕ್ಷ್ಮಮ್ಮ, ಬಾಗಿಲಲ್ಲಿ ನಿಂತು, “ಮದ್ವೆ ಆದಾಗಿಂದ ಈ ಬಾಯಿ ಮುಚ್ಸಕ್ಕೆ ಏನೇನೋ ಮಾಡ್ದೆ. ಒಂದ್ ಟ್ಯೂಬ್ ಸಾಕಾಗಿತ್ತು.”

“ದೇವರು ದೊಡ್ಡೋನು ಕಣಮ್ಮಿ. ಬಾವ, ಸಂಜೆಗಂಟ ಹಂಗೇ ಹಿಡ್ಕಂಡಿರು,” ಎಂದ ನರಸಯ್ಯ.

ಬಾಲರಾಜು ಬೈಯಲೆಂದು ನಾಲಗೆ ತೆಗೆದ, ಟಕ್ ಎಂದು ಮುಳ್ಳು ಇಳಿಯಿತು. “ಪಾಸು!” ಎಂದು ಕೂಗಿದ. ಪೊರೆ ಗಟ್ಟಿ, ಬಾಗಿಲು ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಕೆಳಗಿನ ತೂತಿಗೆ ಬಾಯಿಟ್ಟು ಮತ್ತೆ ಊದಿ ನೋಡಿದ; ಈ ಸಲ ಮುಚ್ಚಿದ ಬಾಗಿಲನ್ನು ಗಾಳಿ ಒಂಚೂರೂ ದಾಟಲಿಲ್ಲ, ಮಸಿಯೂ ಬರಲಿಲ್ಲ. ತೃಪ್ತಿಯಾಗಿ ಇನ್ನೊಮ್ಮೆ ಜಗ್ಗಿದ. ಇನ್ನೂ ಒಮ್ಮೆ.

“ಸಾಕು, ಅದ್ಕೂ ಒಸಿ ಉಸ್ರಾಡಕ್ಕೆ ಬುಡು,” ಎಂದು ಆಕೆ ಅದನ್ನು ಕಿತ್ತುಕೊಂಡು ಬಿಸಿಲು ಬೀಳುವ ಜಗುಲಿಯ ಅಂಚಿಗೆ ಇಟ್ಟಳು. “ಒಣಗ್ಲಿ. ಜೋಡ್ಸೋಗಂಟ ಮುಟ್ಟಿದ್ರೆ ನೋಡು. ಬಾ, ಹುಳ ಆಯಿ.”

ಆ ದಿನ, ಮರುದಿನವೆಲ್ಲ ಹಣ್ಣಾದ ಹುಳ ಆಯುವುದೇ ಕೆಲಸ. ಆಯ್ದದ್ದನ್ನು ಚಂದ್ರಿಕೆಗೆ ಬಿಡಬೇಕು. ಬಿದಿರ ಚಾಪೆಯ ಮೇಲೆ ಬಿದಿರ ಪಟ್ಟಿಯನ್ನೇ ಸುರುಳಿಸುರುಳಿಯಾಗಿ ನಿಲ್ಲಿಸಿ ಕಟ್ಟಿದ ಚೌಕ ಅದು. ಆ ಸಂದಿಗಳಲ್ಲಿ ಹುಳ ಗೂಡು ಕಟ್ಟುತ್ತದೆ. ತುಂಬಿದ ಚಂದ್ರಿಕೆಗಳನ್ನು ಗಾಳಿ ಆಡಲೆಂದು ಜಗುಲಿಯ ಮೇಲೆ ಗೋಡೆಗೆ ಒರಗಿಸಿದರು. ಬಾಲರಾಜು ಹುಳ ಬಿಡುತ್ತ ಬಿಡುತ್ತ ವಾಲ್ವಿನ ಕಡೆ ನೋಡುವನು. ಕೈ ಮುಂದಕ್ಕೆ ಹೋಗುವುದು. ಒಳಗಿಂದ ಬಳೆ ಸದ್ದಾದರೆ ಹಿಂದಕ್ಕೆ ಬರುವುದು. ನನ್ನನ್ನೂ ಹುಳ ಆಯಲು ಕೂರಿಸಿದ್ದರು. ನನಗೆ ನೆನಪಿರುವುದು ಅವನ ಕಾಲು: ಕೂತಲ್ಲೇ ಹೊಲಿಗೆ ಮಿಷನ್ ತುಳಿಯುತ್ತಿತ್ತು.

ಮೂರನೇ ದಿನ ಬಸ್ಸಿಳಿದು ನಾನು ಹೋದಾಗ ವಾಲ್ವನ್ನು ಜೋಡಿಸುತ್ತಿದ್ದ. ಹೊಸ ಗ್ಯಾಸ್ಕೆಟ್ ಇಟ್ಟು, ವಾಲ್ವ್ ಕೂರಿಸಿ, ಎರಡೂ ಬೋಲ್ಟನ್ನು ಸಮಸಮವಾಗಿ ಬಿಗಿದು, ಪೈಪು ಸಿಕ್ಕಿಸಿದ.

“ಇನ್ನೊಂದ್ಸಲ ಜಗ್ಗಿ ನೋಡ್ಲಿಲ್ವಾ?” ಎಂದೆ, ತಮಾಷೆಗೆ.

“ಇಲ್ಲ ಮೇಡಂ,” ಎಂದ, ತಾನೇ ಬೆರಗಾದವನಂತೆ. “ಒಂದ್ಸಲ ಪಾಸಾದ್ದ ಮತ್ತೆ ಮತ್ತೆ ನೋಡ್ತಾನೆ ಅಂತ ಎಲ್ಲಾರೂ ಆಡ್ಕತಾರೆ. ಈ ಸಲ ಮುಟ್ಟೇ ಇಲ್ಲ. ಎತ್ತುದ್ದೇ ತಂದು ಕೂರ್ಸ್‌ದೆ. ನೋಡಿ, ನಾನೂ ಸುಮ್ಕಿರಬಲ್ಲೆ.”

ಬ್ರೇಕ್ ಬಿಟ್ಟದ್ದೇ ಕಾರು ಅಂಗಳದಿಂದ ಕೆಳಗಿನ ಓಣಿಗೆ ತಾನಾಗಿ ಇಳಿಯಿತು. ಹೊಗೆ ಬಂದರೂ ಅಂಗಳದ ಹೊರಗೆ ಇರಲೆಂದು ಅಲ್ಲಿ ಚಾಲೂ ಮಾಡುವ ಏರ್ಪಾಡು. ಬಾಲರಾಜು ಬೆರಳು ಒದ್ದೆ ಮಾಡಿ ಗಾಳಿ ಯಾವ ಕಡೆಗಿದೆ ನೋಡಿದ. ತೋಟದ ಕಡೆಗಿತ್ತು. ಕೀಲಿ ತಿರುಗಿಸಿದ.

ಎಂಜಿನ್ ಎದ್ದಿತು, ಮೊದಲು ಮೆತ್ತಗೆ. ಅವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಕಾವೇರಲೆಂದು ಬಿಟ್ಟು ಒಂದು ಸಲ ಆಕ್ಸಿಲರೇಟರ್ ಒತ್ತಿದ. ವಾಲ್ವ್ ತೆರೆದಿರಬೇಕು. ತೆರೆದದ್ದು ಮುಚ್ಚಲಿಲ್ಲ. ಎಂಜಿನ್ ಗಡಗಡನೆ ನಡುಗಿ, ಹಿಂದಿನಿಂದ ಹಳೇ ಗೆಳೆಯನಂತೆ ಅದೇ ಕಪ್ಪು ಹೊಗೆ ಬಂತು. ಬಾನೆಟ್ಟಿನ ಸಂದಿಯಿಂದ ಇನ್ನೇನೋ ವಾಸನೆ: ಕೂದಲು ಸುಟ್ಟಂಥದ್ದು. ಅಷ್ಟರಲ್ಲಿ ಗಾಳಿ ತಿರುಗಿ ಎರಡೂ ಅಂಗಳಕ್ಕೆ ಏರಿದವು.

ಅವನು ಎಂಜಿನ್ ಆಫ್ ಮಾಡುವಷ್ಟರಲ್ಲಿ ಮೇಲಿನಿಂದ ಚಿಕ್ಕಲಕ್ಷ್ಮಮ್ಮನ ಕೂಗು. ಹೊಗೆ ಅನ್ನಲಿಲ್ಲ ಆಕೆ.

“ಯಾರ್ ಅದು ರೇಷ್ಮೆ ಸುಟ್ಟೋರು?”

ಬಾಲರಾಜು ಬಾನೆಟ್ ಎತ್ತಿದ. ಬಿಸಿ ಬೋಲ್ಟಿಗೆ ಬೆರಳು ಸುಟ್ಟುಕೊಂಡು, ಊದಿಕೊಂಡು, ಬಟ್ಟೆ ಸುತ್ತಿ ಬಿಚ್ಚಿದ. ವಾಲ್ವನ್ನು ತಲೆಕೆಳಗು ಮಾಡಿದ. ತೂತಿನೊಳಗೆ ಬೆಚ್ಚಗೆ ಕೂತಿತ್ತು ಒಂದು ರೇಷ್ಮೆ ಗೂಡು. ಒಂದು ಮಗ್ಗುಲು ಕಂದಿತ್ತು. ಇನ್ನೊಂದು ಮಗ್ಗುಲಿನ ನೂಲು ಮುಳ್ಳಿಗೆ ಸುತ್ತಿಕೊಂಡು, ಎದ್ದದ್ದನ್ನು ಮತ್ತೆ ಇಳಿಯದಂತೆ ಕಟ್ಟಿಹಾಕಿತ್ತು. ಚಂದ್ರಿಕೆಯಿಂದ ಜಾರಿದ ಯಾವುದೋ ಹಣ್ಣು ಹುಳ ಜಗುಲಿಯ ಅಂಚಿಗೆ ತೆವಳಿ, ತನ್ನ ಅಳತೆಗೇ ಕೊರೆದ ಹಾಗಿದ್ದ ಕತ್ತಲೆ ಕೋಣೆ ಕಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತ್ತು. ಜೀವಮಾನದಲ್ಲಿ ಬಾಲರಾಜು ಸುಮ್ಮನಿದ್ದದ್ದು ಅದೊಂದು ಸಲ. ಅಷ್ಟರಲ್ಲಿ ಬೇರೆಯವರು ಸಂಸಾರ ಹೂಡಿದ್ದರು.

ಅಂಗಳದಲ್ಲಿ ಪಂಚಾಯ್ತಿ ಸೇರಿತು. ಬಾಲರಾಜುವಿನ ಮುಖದಲ್ಲಿ ಈ ಸಲ ಮಸಿಯಿಲ್ಲ, ಬಣ್ಣವೂ ಇಲ್ಲ.

“ಹೊಗೆ ಬಂತಾ?” ಎಂದಳು ಚಿಕ್ಕಲಕ್ಷ್ಮಮ್ಮ.

“ಬಂತು.”

“ನಾನೇನಂದಿದ್ದೆ?”

ನರಸಯ್ಯ ಗಂಟಲು ಸರಿಮಾಡಿಕೊಂಡ. “ಅಮ್ಮಿ, ನ್ಯಾಯ ಅಂದ್ರೆ ನ್ಯಾಯ. ಅವ್ನ ಹೊಗೆ ನಿನ್ ಹುಳದ ಮನೆಗೆ ಮೊದ್ಲು ಬರ್ಲಿಲ್ಲ. ನಿನ್ ಹುಳ ಅವ್ನ ವಾಲ್ವಿಗೆ ಮೊದ್ಲು ನುಗ್ತು.”

“ಚಂದ್ರಿಕೆ ಬುಡದಲ್ಲಿ ಕಬ್ಬಿಣ ಇಡು ಅಂದೋರ್ಯಾರು?”

“ಇಟ್ಟೋಳು ನೀನೇ,” ಎಂದ ಬಾಲರಾಜು, ತೀರಾ ಸಣ್ಣ ದನಿಯಲ್ಲಿ. “ಮುಟ್ಬ್ಯಾಡ ಅಂದೋಳೂ ನೀನೇ.”

ಆಕೆ ಗೂಡನ್ನು ಬಿಡಿಸಿ ಕೈಯಲ್ಲಿ ಹಿಡಿದಳು. ಒತ್ತಿ ನೋಡಿದಳು. ಮೂಸಿದಳು. ಆಮೇಲೆ ವಾಲ್ವನ್ನೂ ಎತ್ತಿ, ಸುಡದ ಕಡೆಯಿಂದ ಮೂಸಿದಳು. ಬಾಲರಾಜು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ, ಅದರಿಂದ ಮತ್ತೆ ಇದಕ್ಕೆ ಭಾರ ಬದಲಿಸುತ್ತಿದ್ದ. ಕೊನೆಗೆ ತಡೆಯಲಾರದೆ ಪಕ್ಕದಲ್ಲಿದ್ದ ನರಸಯ್ಯನ ಬೈಕಿನ ಕ್ಲಚ್ ತಂತಿ ಸರಿಮಾಡತೊಡಗಿದ.

“ವಾಸ್ನೆ ಇರೋ ತಾವ ಹುಳ ಹೋಗಲ್ಲ,” ಎಂದಳು ಆಕೆ, ಯಾರಿಗೆ ಎಂದು ಗೊತ್ತಾಗದಂತೆ. “ಇಷ್ಟೊಂದು ಚಂದ್ರಿಕೆ ಬುಟ್ಟು ಇದ್ರೊಳಗೆ ಹೋಗಿ ಕಟ್ಟೈತೆ ಅಂದ್ರೆ ಸರ್ಯಾಗೇ ತೊಳ್ದವ್ನೆ.” ವಾಲ್ವನ್ನು ಕೆಳಗಿಟ್ಟು, “ಆದ್ರೂ ಹೊಗೆ ಹೊಗೇನೇ. ಗೂಡು ಬಿಡ್ಸೋ ದಿನ ಹೇಳ್ತೀನಿ. ಹುಳ ಕೆಟ್ಟಿದ್ರೆ ನೀನು ಹೈವೇಗೆ.”

ಅದೇ ಸಂಜೆ ಅವನು ವಾಲ್ವನ್ನು ಮತ್ತೆ ತೊಳೆದು, ಮತ್ತೆ ಜಗ್ಗಿ, ಊದಿ, ಬೆಳಕಿಗೆ ಹಿಡಿದು, ಬೆರಳು ತೂರಿಸಿ, ಒಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಜೋಡಿಸಿದ. ಈ ಸಲ ಯಾರೂ ಆಡಿಕೊಳ್ಳಲಿಲ್ಲ. ಚಾಲೂ ಮಾಡಲು ಮಾತ್ರ ಓಣಿಯನ್ನೂ ನಂಬದೆ, ಇಳಿಜಾರಿನಲ್ಲೇ ಕಾರು ಜಾರಿಸಿಕೊಂಡು ತೋಟದಾಚೆಗೆ ಹೋದ. ಎಂಜಿನ್ ಕುದುರೆಯಂತೆ ಎದ್ದಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಹಿಂದೆ ಬಂದದ್ದು ಬಿಸಿಗಾಳಿ ಅಷ್ಟೇ. ನಾನು ಕಾರು ತೆಗೆದುಕೊಂಡು ಹೊರಟೆ. ಅವನು ಕೆಲಸ ಮುಗಿದವನ ಹಾಗೆ ಕಾಣಲಿಲ್ಲ.

ಗೂಡು ಬಿಡಿಸುವ ದಿನದವರೆಗೆ ಬಾಲರಾಜು ಹೇಗಿದ್ದ ಅಂತ ನರಸಯ್ಯ ಹೇಳಿದ. ಹೊಂಗೆ ಮರದ ಕೆಳಗಿದ್ದ ಸಾಮಾನನ್ನೆಲ್ಲ ಗೋಣಿಚೀಲಕ್ಕೆ ತುಂಬಿದ, ಹೊರಗೆ ತೆಗೆದ, ಮತ್ತೆ ತುಂಬಿದ. ಬೆಳಗೆದ್ದರೆ ಚಂದ್ರಿಕೆಯ ಮುಂದೆ ನಿಂತು ಗೂಡುಗಳನ್ನು ಬಗ್ಗಿ ನೋಡುವುದು. ಅಕ್ಕೂರಿನಿಂದ ಯಾರೋ ಬೈಕು ತಂದರೆ “ಮುಂದಿನ ವಾರ ಎಲ್ಲಿರ್ತೀನೋ ಏನೋ” ಅನ್ನುವುದು, ಅನ್ನುತ್ತಲೇ ಬಿಚ್ಚುವುದು.

ಆ ದಿನ ನಾನೂ ಹೋದೆ. ಕುತೂಹಲವಲ್ಲ, ಬ್ರೇಕ್ ತೋರಿಸಲು ಅಂತ ನಾನು ನನಗೇ ಹೇಳಿಕೊಂಡಿದ್ದೆ. ಚಿಕ್ಕಲಕ್ಷ್ಮಮ್ಮ ಜಗುಲಿಯ ಮೇಲೆ ಕೂತು ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದಳು. ಮೊದಲನೆಯದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗಿನದು ಗಟ್ಟಿಯಾಗಿ ಲೊಟಲೊಟ ಅಂದರೆ ಒಳ್ಳೆಯ ಗೂಡು. ಎರಡನೆಯದನ್ನು ಅಲ್ಲಾಡಿಸಿದಳು. ಹೊಗೆ ಏರಿದ್ದ ಓಣಿಯ ಕಡೆಗಿದ್ದ ಇನ್ನೊಂದು ಚಂದ್ರಿಕೆಯ ಮೂಲೆಯ ಗೂಡು ತೋರಿಸಿ, ‘ಅದನ್ನ ಕೊಡು’ ಅಂತ ಕೈ ಮಾಡಿದಳು. ಬಾಲರಾಜು ಕೊಟ್ಟ. ಅಲ್ಲಾಡಿಸಿದಳು. ಅಂಗಳದವರೆಲ್ಲ ಆ ಲೊಟಲೊಟಕ್ಕೆ ಕಿವಿಕೊಟ್ಟರು.

ಆಕೆ ಗೂಡನ್ನು ಬುಟ್ಟಿಗೆ ಹಾಕಿ, ಗೋಣಿಚೀಲದ ಕಡೆ ಗಲ್ಲ ತೋರಿಸಿದಳು. “ಅದೇನು ಅಡ್ಡದಾಗೆ? ಬುಟ್ಟಿ ಇಡಕ್ಕೆ ಜಾಗ ಇಲ್ಲ. ಎತ್ಕಂಡೋಗಿ ಮರದ ಕೆಳಗೆ ಸುರಿ.”

ತೀರ್ಪು ಅಷ್ಟೇ. ನರಸಯ್ಯ ಬಾಯಿ ತುಂಬ ನಕ್ಕ. ಬಾಲರಾಜು ಚೀಲ ಹೊತ್ತು ಹೋಗಿ ಸುರಿದ. ಪಾನಾಗಳು ಖಣಖಣ ಎಂದವು. ಆಮೇಲೆ, ನಾನು ಎಂದೂ ನೋಡದ್ದನ್ನು ನೋಡಿದೆ: ಹೊಂಗೆಯ ಬೇರಿನ ಮೇಲೆ ಸುಮ್ಮನೆ ಕೂತ. ಕಾಲೂ ಅಲ್ಲಾಡಲಿಲ್ಲ. ಕಣ್ಣು ಜಗುಲಿಯ ಕಡೆ, ಗೂಡು ಬಿಡಿಸುವ ಹೆಂಡತಿಯ ಕಡೆ ಇತ್ತು. ಹೊಂಗೆಯ ನೆರಳು ಅವನ ಭುಜದ ಮೇಲೆ ಆಡುತ್ತಿತ್ತು. ನನ್ನೊಳಗಿನ ಬರೆಯುವವಳು ಪೆನ್ನಿನ ಕ್ಯಾಪು ತೆಗೆದಳು.

“ಬಾಲರಾಜು,” ಎಂದೆ, ದನಿ ಆದಷ್ಟು ಮೆತ್ತಗೆ ಮಾಡಿಕೊಂಡು, “ಎಲ್ಲೂ ನಿಲ್ಲದೋನು ನೀನು. ಚನ್ನಪಟ್ಟಣ ಬಿಟ್ಟೆ, ಮಾಗಡಿ ಬಿಟ್ಟೆ, ಕನಕಪುರ ಬಿಟ್ಟೆ, ಹೈವೇಲಿ ಸ್ವಂತ ಶೆಡ್ಡನ್ನೇ ಬಿಟ್ಟುಬಂದೆ. ಈ ಜಾಗ ಹೋಗುತ್ತೆ ಅಂದಾಗ ಮಾತ್ರ ಜೀವ ಹೋಗೋ ಹಾಗೆ ಆಡಿದೆಯಲ್ಲ. ಏನಿದೆ ಇಲ್ಲಿ?”

ಅವನು ಹೆಂಡತಿಯ ಕಡೆ ನೋಡಿದ. ಮೇಲಿನ ರಸ್ತೆ ನೋಡಿದ, ಕೆಳಗಿನ ಓಣಿ ನೋಡಿದ.

“ಹೈವೇ ಪಕ್ಕ ನೆಲ ಮಟ್ಟ ಮೇಡಂ,” ಎಂದ. “ಗಾಡಿ ತಳ್ಳಕ್ಕೆ ನಾಕ್ ಜನ ಕರೀಬೇಕು, ನಾಕ್ ಜನಕ್ಕೂ ಟೀ ಕೊಡಿಸ್ಬೇಕು. ಇಲ್ಲಿ ಬ್ರೇಕ್ ಬುಟ್ರೆ ಸಾಕು, ಅದೇ ಹೋಯ್ತದೆ.”